ಗಂಟೆ ಲೆಕ್ಕದ ಸವಾರಿ ಬೇಡ, ನಾಲ್ಕೈದು ದಿನದ ಕಯಾಕಿಂಗ್ ಕೋರ್ಸ್ ಬೇಕು: ಎಲ್ಲಿ, ಯಾವಾಗ, ಏನು ಕೇಳಬೇಕು?

ಬನಶಂಕರಿ_ಬೈಟು

ಬೆಂಗಳೂರಿನಿಂದ ಇಬ್ಬರು. ಇಬ್ಬರಿಗೂ ಈಜು ಬರುತ್ತೆ, ಕೊಳದಲ್ಲಿ ನಿಲ್ಲದೆ ನೂರು ಮೀಟರ್ ಆಗುತ್ತೆ. ಕಯಾಕ್ ಮಾತ್ರ ಮುಟ್ಟಿಲ್ಲ. ಹುಡುಕಿದರೆ ಸಿಗೋದೆಲ್ಲ "ಗಂಟೆಗೆ ಇಷ್ಟು, ಫೋಟೊ ಫ್ರೀ" ಅನ್ನೋ ಥರದ್ದು. ನಮಗೆ ಬೇಕಿರೋದು ದಿನಾ ನೀರಿಗಿಳಿಸಿ, ತಪ್ಪು ತಿದ್ದಿ, ಕೊನೆಗೆ ಸಣ್ಣ ಸೆಳವಿರೋ ನದಿಯಲ್ಲಿ ನಮ್ಮ ದೋಣಿ ನಾವೇ ನಡೆಸೋ ಮಟ್ಟಕ್ಕೆ ತರೋ ಕೋರ್ಸ್. ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಐದಾರು ದಿನ ರಜೆ ಹೊಂದಿಸಬಹುದು. ಒಬ್ಬರು 72 ಕೆ.ಜಿ., ಇನ್ನೊಬ್ಬರು 96 ಕೆ.ಜಿ. ಮತ್ತು ಕನ್ನಡಕ. ಗೊತ್ತಿರೋರು ದಾರಿ ತೋರಿಸಿ.

ಹುಟ್ಟುಗೋಲು

ಊರು ಹುಡುಕುವ ಮೊದಲು ದೋಣಿ ಯಾವುದು ಅಂತ ತೀರ್ಮಾನ ಮಾಡಿ. ಕಯಾಕ್ ಅನ್ನೋ ಒಂದೇ ಹೆಸರಲ್ಲಿ ನಾಲ್ಕು ಬೇರೆ ಬೇರೆ ವಸ್ತು ಇವೆ.

ಬಾಡಿಗೆಗೆ ಸಿಗೋ ಬಣ್ಣಬಣ್ಣದ ಪ್ಲಾಸ್ಟಿಕ್ ದೋಣಿ ಸಿಟ್-ಆನ್-ಟಾಪ್. ಮೇಲೆ ಕೂರೋದು, ಅಗಲ ಜಾಸ್ತಿ, ಮಗುಚಿದರೆ ಪಕ್ಕಕ್ಕೆ ಬೀಳ್ತೀರಿ, ಮತ್ತೆ ಹತ್ತುತ್ತೀರಿ. ಹುಟ್ಟು ಹಾಕೋದು ಕಲಿಯೋಕೆ ಸಾಕು, ಅಂಚು ವಾಲಿಸೋದು, ರೋಲ್ ಮಾಡೋದು (ಮಗುಚಿದ ದೋಣಿಯನ್ನು ಒಳಗೆ ಕೂತೇ ಮತ್ತೆ ನೆಟ್ಟಗೆ ಮಾಡೋದು) ಅದರಲ್ಲಿ ಆಗಲ್ಲ. ಎರಡನೆಯದು ವೈಟ್‌ವಾಟರ್ ಕಯಾಕ್: 2.4ರಿಂದ 2.8 ಮೀಟರ್, ಗಿಡ್ಡ, ತಳ ಬಾಗಿದ್ದು, ಒಳಗೆ ಸೊಂಟ, ತೊಡೆ, ಪಾದ ಮೂರೂ ಬಿಗಿಯಾಗಿ ಕೂರಬೇಕು, ಮೇಲೆ ನೀರು ಬರದಂತೆ ಸ್ಪ್ರೇ ಸ್ಕರ್ಟ್. ನೇರ ಹೋಗು ಅಂದರೆ ಸುತ್ತುತ್ತೆ, ಅದೇ ಅದರ ಗುಣ. ಮೂರನೆಯದು ಸೀ ಕಯಾಕ್, 5 ಮೀಟರ್ ಆಸುಪಾಸು, ನೇರ ಓಡುತ್ತೆ, ತಿರುಗೋಕೆ ಒಲ್ಲೆ ಅನ್ನುತ್ತೆ. ನಾಲ್ಕನೆಯದು ಒಲಿಂಪಿಕ್ಸ್‌ನಲ್ಲಿ ನೋಡೋ ಸ್ಪ್ರಿಂಟ್ ದೋಣಿ, 5.2 ಮೀಟರ್ ಉದ್ದ, 12 ಕೆ.ಜಿ. ತೂಕ. ಹೊಸಬರು ಕೂತ ಹತ್ತು ಸೆಕೆಂಡಿಗೆ ನೀರಲ್ಲಿರ್ತಾರೆ.

ನೀವು ಹೇಳ್ತಿರೋದು ಎರಡನೆಯದು. ಹಾಗಾಗಿ ಫೋನ್ ಮಾಡಿದಾಗ ಮೊದಲ ಪ್ರಶ್ನೆ: "ಮೊದಲ ದಿನ ವೆಟ್ ಎಕ್ಸಿಟ್ ಮಾಡಿಸ್ತೀರಾ?" ಅಂದರೆ ಮಗುಚಿದ ದೋಣಿಯಿಂದ ನೀರೊಳಗೇ ಕಳಚಿಕೊಂಡು ಹೊರಬರೋದು. ಆ ಪದ ಅರ್ಥ ಆಗದೆ ಇದ್ದರೆ ಅದು ಸವಾರಿ, ಕೋರ್ಸ್ ಅಲ್ಲ. ಎಷ್ಟು ದಿನದ್ದಾದರೂ ಸರಿ.

ಕಾಳಿ_ದಂಡಿ

ನಮ್ಮ ಕಡೆ ದಾಂಡೇಲಿ ಹತ್ರ ಕಾಳಿ ನದಿ ದಂಡಿಗೆ ಗಣೇಶಗುಡಿ ಐತಲ್ರಿ. ಆದ್ರ ಒಂದ್ ಮಾತು ತಿಳ್ಕೊಂಡು ಬರ್ರಿ. ಅಲ್ಲಿ ನದಿ ತಂತಾನ ಹರಿಯೂದಲ್ಲ, ಸೂಪಾ ಡ್ಯಾಮಿನ ಕರೆಂಟ್ ಮನಿ (50 ಮೆಗಾವ್ಯಾಟಿನ ಎರಡು ಯಂತ್ರ) ಚಾಲೂ ಆದ್ರ ಹರಿತದ. ಕರೆಂಟಿನ ಬೇಡಿಕಿ ನೋಡಿ ನೀರು ಬಿಡ್ತಾರ. ಬಿಟ್ಟಾಗ ರಾಫ್ಟ್ ಓಡ್ತಾವ, ಬಿಡದಿದ್ದಾಗ ಬಂಡಿ ಎದ್ದು ಕಾಣ್ತಾವ. ಹೊಸಬರಿಗೆ ಇದರಾಗ ಲಾಭನೂ ಐತಿ: ನೀರು ಕಡಿಮಿ ಇದ್ದಾಗ ಮಡುವಿನಾಗ ನಿಂತ ನೀರಿನ ಅಭ್ಯಾಸ, ನೀರು ಬಂದ ಮ್ಯಾಲ ಸಣ್ಣ ಸೆಳವಿನಾಗ ದಾಟೂದು, ಒಂದೇ ದಿನದಾಗ ಎರಡೂ ಸಿಗ್ತದ. ಆದ್ರ ಕಲಸವ್ರಿಗೆ ನೀರು ಬಿಡೂ ಹೊತ್ತು ಗೊತ್ತಿರಬೇಕು. ದಂಡಿಗೆ ದೋಣಿ ಇಟ್ಟು ಊಟಕ್ಕ ಹೋಗಿ ಬರೂದ್ರಾಗ ದೋಣಿ ಇಲ್ಲ ಅನ್ನೂ ಹಂಗ ಆಗ್ತದ. ನೀರು ಏರೂದು ಸಪ್ಪಳ ಮಾಡಿ ಬರಂಗಿಲ್ಲ.

ಇನ್ನೊಂದು. ಕೆಳಗ ದಾಂಡೇಲಿ ಊರಿನ ಕಡೆ ಕಾಳಿಯೊಳಗ ಮೊಸಳಿ ಅದಾವ. "ಎಲ್ಲಾ ಕಡಿ ನೀರು ಒಂದರೀ" ಅಂತ ಅಲ್ಲಿ ಮಗುಚೂ ಅಭ್ಯಾಸಕ್ಕ ಇಳಿಸಿದ್ರ ಇಳೀಬ್ಯಾಡ್ರಿ.

ಅಲ್ಲಿ ಬೋರ್ಡು ನೋಡಿದ್ರ ಹೆಚ್ಚಿನವು ಗಂಟೆ ಲೆಕ್ಕದ್ದ. ರಾಫ್ಟಿಂಗ್ ಗೈಡ್‌ಗಳಾಗ ಸೇಫ್ಟಿ ಕಯಾಕ್ (ರಾಫ್ಟಿನ ಜೋಡಿ ಹೋಗಿ, ಬಿದ್ದವ್ರನ್ನ ಎತ್ತೂ ದೋಣಿ) ಓಡಸವ್ರು ಇರ್ತಾರ, ಅವರು ಯಾರು ಅಂತ ಕೇಳಿ, ಎರಡು ದಿನ ಬೇರೆ ಹೇಳ್ಕೊಡ್ತಾರೇನು ಅಂತ ವಿಚಾರಿಸ್ರಿ. ವಾರದ ನಡುವೆ ಕೇಳ್ರಿ, ಶನಿವಾರ ರವಿವಾರ ಅವರಿಗೆ ಉಸಿರಾಡಾಕ ಪುರಸೊತ್ತು ಇರಂಗಿಲ್ಲ.

ಶಿವಪುರಿ_ಬಸ್ಸು

ಐದಾರು ದಿನ ಕೈಯಲ್ಲಿದ್ದರೆ ಋಷಿಕೇಶ. ಕಾರಣ ಸರಳ: ಒಂದೇ ನದಿಯಲ್ಲಿ ಮರಳದಂಡೆಯ ಶಾಂತ ನೀರು, ಪಕ್ಕದಲ್ಲೇ ಗ್ರೇಡ್ 1-2ರ ಸೆಳವು (ಗ್ರೇಡ್ ಅಂದರೆ ಕಷ್ಟದ ಮಟ್ಟ, 1 ಅತಿ ಸುಲಭ), ಸ್ವಲ್ಪ ದೂರದಲ್ಲಿ ಗ್ರೇಡ್ 3 ಎಲ್ಲವೂ ಇದೆ. ವೈಟ್‌ವಾಟರ್ ದೋಣಿಗಳೂ ಬೇರೆ ಬೇರೆ ಅಳತೆಯಲ್ಲಿ ಸಿಗುತ್ತವೆ. ಡೆಹ್ರಾಡೂನಿನ ಜಾಲಿ ಗ್ರಾಂಟ್ ವಿಮಾನ ನಿಲ್ದಾಣದಿಂದ ಊರು ಸುಮಾರು 20 ಕಿ.ಮೀ.

ಕಾಲ: ಜುಲೈ-ಆಗಸ್ಟ್‌ನಲ್ಲಿ ಮಳೆಗೆ ಮುಚ್ಚಿರುತ್ತೆ. ಸೆಪ್ಟೆಂಬರ್ ಕೊನೆಯಲ್ಲಿ ನೀರು ಇನ್ನೂ ದಪ್ಪ, ಬೇಗ ಬುಕ್ ಮಾಡೋರು ಅಲ್ಲೇ ಎಡವುತ್ತಾರೆ. ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನ ತನಕ, ಮತ್ತೆ ಫೆಬ್ರವರಿ ಕೊನೆಯಿಂದ ಮಾರ್ಚ್ ಪೂರ್ತಿ ಹೊಸಬರಿಗೆ ಒಳ್ಳೆಯದು. ಡಿಸೆಂಬರ್-ಜನವರಿಯಲ್ಲಿ ನೀರು ಕಡಿಮೆ, ನೋಡೋಕೆ ಗಾಜಿನಂತೆ ತಿಳಿ, ಆದರೆ ಹಿಮದ ನೀರು. ಮಗುಚೋ ಅಭ್ಯಾಸ ನಾಲ್ಕು ಸಲ ಮಾಡೋಷ್ಟರಲ್ಲಿ ತಲೆ ಜೋಮು ಹಿಡಿಯುತ್ತೆ, ಐದನೇ ಸಲಕ್ಕೆ ಮನಸ್ಸೇ ಬರಲ್ಲ. ಕಲಿಕೆಯ ಅರ್ಧ ನೀರೊಳಗೆ ತಲೆಕೆಳಗಾಗಿ ನಡೆಯೋದ್ರಿಂದ ಇದು ಸಣ್ಣ ವಿಷಯ ಅಲ್ಲ. ಆ ತಿಂಗಳಲ್ಲೇ ಹೋಗೋದಾದರೆ 3 ಮಿ.ಮೀ. ವೆಟ್‌ಸೂಟ್ ಕೊಡ್ತಾರಾ, ನಿಮ್ಮ ಅಳತೆಯದ್ದು ಇದೆಯಾ ಕೇಳಿ.

ನಾಲ್ಕು ದಿನದ ಸರಿಯಾದ ಕೋರ್ಸ್ ಹೀಗಿರಬೇಕು.

ಮೊದಲ ದಿನ ದಡದಲ್ಲೇ ಒಂದು ಗಂಟೆ ಹೋಗಬೇಕು. ಪಾದದ ಹಲಗೆ, ಸೊಂಟದ ಪ್ಯಾಡ್, ಬೆನ್ನಿನ ಪಟ್ಟಿ ಹೊಂದಿಸೋದು. ದಡದಲ್ಲಿ ಸೊಂಟ ಅಲ್ಲಾಡಿಸಿದರೆ ದೋಣಿಯೂ ಜೊತೆಗೇ ಅಲ್ಲಾಡಬೇಕು. ಆಮೇಲೆ ಎದೆಮಟ್ಟದ ನೀರಲ್ಲಿ ವೆಟ್ ಎಕ್ಸಿಟ್, ಮೊದಲು ಸ್ಕರ್ಟ್ ಇಲ್ಲದೆ, ನಂತರ ಸ್ಕರ್ಟ್ ಹಾಕಿ. ಮಧ್ಯಾಹ್ನ ಮುಂದೆ ಹುಟ್ಟು ಹಾಕೋದು, ಸ್ವೀಪ್ (ಅಗಲವಾಗಿ ಬೀಸಿ ದೋಣಿ ತಿರುಗಿಸೋದು), ನಿಲ್ಲಿಸೋದು, ಅಂಚು ವಾಲಿಸಿ ಹಿಡಿಯೋದು.

ಎರಡನೇ ದಿನ ಕಲಿಸುವವರ ದೋಣಿಯ ಮೂತಿ ಹಿಡಿದು ಸೊಂಟ ತಿರುಗಿಸೋದು (ಇದೇ ಟಿ-ರೆಸ್ಕ್ಯೂ ಆಗುತ್ತೆ), ಬ್ರೇಸ್ (ಮಗುಚೋ ಹೊತ್ತಲ್ಲಿ ಹುಟ್ಟನ್ನು ನೀರಿಗೆ ಊರಿ ತಡೆಯೋದು), ರೋಲ್‌ನ ಮೊದಲ ಪಾಠ. ಜೊತೆಗೆ ದೋಣಿ ಬಿಟ್ಟು ಸೆಳವಲ್ಲಿ ಈಜೋದು: ಅಂಗಾತ, ಪಾದ ಹೊಳೆ ಹರಿಯೋ ಕಡೆಗೆ, ಕಾಲ್ಬೆರಳು ನೀರ ಮೇಲೆ. ಮೊಣಕಾಲಿಗಿಂತ ಆಳದ ಹರಿವ ನೀರಲ್ಲಿ ಎದ್ದು ನಿಲ್ಲಬಾರದು. ಪಾದ ಕಲ್ಲಸಂದಿಗೆ ಸಿಕ್ಕರೆ ನೀರು ಬೆನ್ನಿಗೆ ಒತ್ತಿ ಮುಖ ಮುಳುಗಿಸುತ್ತೆ, ಮೂರಡಿ ನೀರಲ್ಲೂ. ಈ ಪಾಠ ಇಲ್ಲದ ಕೋರ್ಸ್ ಬೇಡ.

ಮೂರನೇ ದಿನ ಸೆಳವು. ಬಂಡೆ ಹಿಂದಿನ ಎಡ್ಡಿ ನೀರಿನಿಂದ (ಸೆಳವಿಲ್ಲದೆ ಹಿಂದಕ್ಕೆ ಸುತ್ತೋ ನೀರು) ಹೊರಬರೋದು, ಸೆಳವನ್ನು ಅಡ್ಡ ದಾಟೋದು, ಮತ್ತೆ ಎಡ್ಡಿಗೆ ಸೇರೋದು. ಇಡೀ ದಿನ ಒಂದೇ ಜಾಗದಲ್ಲಿ ಮೂವತ್ತು ನಲವತ್ತು ಸಲ. ನಾಲ್ಕನೇ ದಿನ ಮಾತ್ರ ನದಿಯಲ್ಲಿ ಕೆಳಕ್ಕೆ ಪಯಣ. ಶಿವಪುರಿಯಿಂದ ಋಷಿಕೇಶದ 16 ಕಿ.ಮೀ. ರಾಫ್ಟ್‌ಗೆ ಮಾಮೂಲು, ಆದರೆ ಅದರಲ್ಲಿ ರೋಲರ್ ಕೋಸ್ಟರ್, ಗಾಲ್ಫ್ ಕೋರ್ಸ್ ಅನ್ನೋ ಜೋರು ಸೆಳವುಗಳಿವೆ. ನಾಲ್ಕು ದಿನದವರು ಅವನ್ನು ದೋಣಿ ಹೊತ್ತು ದಾಟಬೇಕು ಅಥವಾ ಬ್ರಹ್ಮಪುರಿಯಿಂದ ಕೆಳಗಿನ 9 ಕಿ.ಮೀ. ಮಾತ್ರ ಮಾಡಬೇಕು. "ಎರಡನೇ ದಿನವೇ ರ‍್ಯಾಪಿಡ್" ಅಂತ ಜಾಹೀರಾತಿದ್ದರೆ ಪುಟ ಮುಚ್ಚಿ.

ಅಳಿವೆಬಾಗಿಲು

ಕರಾವಳಿಯನ್ನೂ ಬದಿಗೆ ಸರಿಸಬೇಡಿ ಮಾರಾಯ್ರೆ. ಹೊನ್ನಾವರದ ಶರಾವತಿ ಅಳಿವೆ, ಸಾಲಿಗ್ರಾಮದ ಬಳಿಯ ಸೀತಾ ನದಿಯ ಹಿನ್ನೀರು, ಮೂಲ್ಕಿಯ ಶಾಂಭವಿ, ಎಲ್ಲ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ಉಂಟು. ಕೋರ್ಸ್ ಅಂತ ಬೋರ್ಡ್ ಇಲ್ಲದಿದ್ದರೂ, ಒಬ್ಬ ಅನುಭವಿಯ ಜೊತೆ ಬೆಳಿಗ್ಗೆ-ಸಂಜೆ ಎರಡು ದಿನ ಮಾತಾಡಿಕೊಂಡರೆ ಹುಟ್ಟು ಹಾಕುವ ಕೈ ಪಳಗುತ್ತದೆ. ಋಷಿಕೇಶದ ಮೊದಲ ದಿನ ಉಳಿಯುತ್ತದೆ.

ಇಲ್ಲಿ ಕಲಿಯಬೇಕಾದ ವಿಷಯ ಬೇರೆ: ಉಬ್ಬರ-ಇಳಿತ. ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ಹೆಚ್ಚೆಂದರೆ ಒಂದೂವರೆ-ಎರಡು ಮೀಟರ್. ಅಷ್ಟೇನಾ ಅನ್ನಬೇಡಿ. ಹುಣ್ಣಿಮೆ-ಅಮಾವಾಸ್ಯೆ ಆಸುಪಾಸಿನಲ್ಲಿ ಇಳಿತದ ನಡುವಿನ ಎರಡು ಗಂಟೆ ಅಳಿವೆಯ ಬಾಯಿಯಲ್ಲಿ ಸೆಳವು ಹೊಸಬರ ತೋಳಿಗೆ ಮೀರಿದ್ದು, ಅದೂ ಸಮುದ್ರದ ಕಡೆಗೆ. ಹೋಗುವಾಗ ಉಬ್ಬರದ ಕೊನೆಯಲ್ಲಿ ನದಿಯ ಮೇಲ್ಭಾಗಕ್ಕೆ ಹೋಗಿ, ಇಳಿತ ಶುರುವಾಗುತ್ತಿದ್ದಂತೆ ವಾಪಸ್ ಬರುವುದು ಸರಿ. ಉಲ್ಟಾ ಮಾಡಿದರೆ ಬರುವಾಗ ನೀರೂ ಎದುರು, ಮಧ್ಯಾಹ್ನದ ಮೇಲೆ ಕಡಲ ಗಾಳಿಯೂ ಎದುರು. ಕಾಂಡ್ಲಾ ತೋಡಿನೊಳಗೆ ಇಳಿತದಲ್ಲಿ ಸಿಕ್ಕಿಬಿದ್ದರೆ ಕೆಸರು ಸೊಂಟದವರೆಗೆ, ಮುಂದಿನ ಉಬ್ಬರದವರೆಗೆ ದೋಣಿಯಲ್ಲೇ ಕೂರಬೇಕು.

ಸಿಂಪಿ-ಮರುವಾಯಿ ಹಿಡಿದ ಬಂಡೆ ಮೇಲೆ ಬರಿಗಾಲು ಇಡಬೇಡಿ. ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಬನಶಂಕರಿ_ಬೈಟು

ಬಹಳ ಉಪಯೋಗ ಆಯ್ತು. ಎರಡು ಪ್ರಶ್ನೆ. ವೆಟ್ ಎಕ್ಸಿಟ್ ಹೇಗೆ ಅಂತ ಮೊದಲೇ ತಿಳ್ಕೊಂಡು ಹೋಗಬಹುದಾ? 96 ಕೆ.ಜಿ.ಗೆ ದೋಣಿ ಸಿಗುತ್ತಾ?

ಬೋರಲು_ದೋಣಿ

ತಿಳ್ಕೊಂಡು ಹೋಗಿ, ಒಳ್ಳೆಯದೇ. ಮಗುಚಿದ ತಕ್ಷಣ ಎಲ್ಲರೂ ಮಾಡೋದು ಹಿಂದಕ್ಕೆ ವಾಲಿ ತಲೆ ಮೇಲೆತ್ತೋದು. ಹಾಗೆ ಮಾಡಿದರೆ ತೊಡೆ ಮೇಲಿನ ಹಿಡಿಗೆ ಒತ್ತಿ ಇನ್ನೂ ಬಿಗಿಯಾಗುತ್ತೆ, ಮುಖ ಕಲ್ಲಿಗೆ ತೆರೆದುಕೊಳ್ಳುತ್ತೆ. ಸರಿಯಾದ ಕ್ರಮ: ಹಣೆ ದೋಣಿಯ ಮೇಲ್ಮೈಗೆ ತಾಗೋ ಹಾಗೆ ಮುಂದಕ್ಕೆ ಬಾಗಿ. ಎರಡೂ ಕೈ ಹೊರಗೆ ತಂದು ದೋಣಿಯ ತಳಕ್ಕೆ ಮೂರು ಸಲ ಬಡಿಯಿರಿ. ಇದು ಸಹಾಯಕ್ಕೆ ಕರೆ, ಜೊತೆಗೆ ಗಾಬರಿಯನ್ನು ಮೂರು ಎಣಿಕೆಗೆ ಕಟ್ಟಿಹಾಕೋ ಉಪಾಯ. ಆಮೇಲೆ ಕೈಯನ್ನು ಅಂಚಿನಗುಂಟ ಮುಂದಕ್ಕೆ ಸವರಿ ಸ್ಕರ್ಟಿನ ಕುಣಿಕೆ ಹಿಡಿದು, ಮೊದಲು ಮುಂದಕ್ಕೆ ತಳ್ಳಿ, ಆಮೇಲೆ ದೋಣಿಯಿಂದ ಆಚೆಗೆ ಎಳೆಯಿರಿ. ನೇರ ಹೊಟ್ಟೆ ಕಡೆಗೆ ಎಳೆದರೆ ಬಿಡಲ್ಲ. ಕೊನೆಗೆ ಅಂಗೈ ಸೊಂಟದ ಪಕ್ಕದ ಅಂಚಿಗೆ ಊರಿ, ಪ್ಯಾಂಟ್ ಕಳಚೋ ಹಾಗೆ ದೋಣಿಯನ್ನು ಕಾಲಿಂದ ಕಳಚಿ. ಕಾಲು ಒದೆಯಬೇಡಿ. ಹೊರಬಂದ ಮೇಲೆ ಹುಟ್ಟು, ದೋಣಿ ಎರಡನ್ನೂ ಬಿಡಬೇಡಿ. ಎಲ್ಲ ಸೇರಿ ಐದಾರು ಸೆಕೆಂಡ್.

ಇದರಲ್ಲಿ ನಿಜವಾದ ಅಪಾಯ ಒಂದೇ: ಕುಣಿಕೆ ಸ್ಕರ್ಟಿನ ಒಳಗೆ ಸೇರಿಕೊಂಡಿರೋದು. ದಡ ಬಿಡೋ ಮುಂಚೆ ಪ್ರತಿ ಸಲ ಕೈಯಿಂದ ಮುಟ್ಟಿ ನೋಡಿ. ಪಕ್ಕದವರದ್ದನ್ನೂ ನೋಡಿ.

ದೋಣಿ: ಅಂದಾಜು ಲೆಕ್ಕದಲ್ಲಿ 72 ಕೆ.ಜಿ.ಗೆ 250–280 ಲೀಟರ್ ಗಾತ್ರ, 96 ಕೆ.ಜಿ.ಗೆ 290–330 ಲೀಟರ್. ಬುಕ್ ಮಾಡೋವಾಗಲೇ ಎತ್ತರ, ತೂಕ, ಶೂ ಅಳತೆ ಮೂರನ್ನೂ ಬರೆದು ಕಳಿಸಿ. ಭಾರದವರನ್ನು ಸಣ್ಣ ದೋಣಿಗೆ ಕೂರಿಸಿದರೆ ಹಿಂಭಾಗ ಮುಳುಗಿ, ಎಡ್ಡಿಯ ಗೆರೆ ದಾಟೋವಾಗಲೆಲ್ಲ ಮಗುಚುತ್ತೆ. ಆ ಪಾಪ ದೋಣಿಯದ್ದು, ಅವರು ತಮ್ಮದು ಅಂದುಕೊಳ್ಳುತ್ತಾರೆ.

ಆದರೆ ಶಿವಪುರಿ_ಬಸ್ಸು ಅವರ ಎರಡನೇ ದಿನಕ್ಕೆ ನನ್ನ ತಕರಾರಿದೆ. ನಾಲ್ಕು ದಿನದಲ್ಲಿ ರೋಲ್‌ನ ಬೆನ್ನು ಹತ್ತಬಾರದು. ಹೊಸಬರು ರೋಲ್ ಒಂದನ್ನೇ ಹಿಡಿದು ಭುಜ ನೋಯಿಸಿಕೊಂಡು, ಮೂರನೇ ದಿನಕ್ಕೆ ಕೈಯಲ್ಲಿ ಶಕ್ತಿ ಇಲ್ಲದೆ ಸೆಳವಿಗೆ ಇಳಿಯುತ್ತಾರೆ. ಮಗುಚದ ಹಾಗೆ ನಡೆಸೋದು ಮೊದಲು.

ಶಿವಪುರಿ_ಬಸ್ಸು

ಒಪ್ಪುವ ಮಾತು ಅರ್ಧ. ರೋಲ್ ಬಂದೇ ಬರಬೇಕು ಅಂತ ಹಠ ಬೇಡ, ನಾಲ್ಕು ದಿನದಲ್ಲಿ ಎಲ್ಲರಿಗೂ ಬರೋದೂ ಇಲ್ಲ. ಆದರೆ ಸೊಂಟ ತಿರುಗಿಸಿ ತಲೆಯನ್ನು ಕೊನೆಗೆ ಎತ್ತೋ ಅಭ್ಯಾಸ ಬ್ರೇಸ್‌ಗೂ ಬೇಕು, ಟಿ-ರೆಸ್ಕ್ಯೂಗೂ ಬೇಕು. ದಿನಕ್ಕೆ ಇಪ್ಪತ್ತು ನಿಮಿಷದ ಎರಡು ಸರದಿ ಸಾಕು. ಅದಕ್ಕಿಂತ ಹೆಚ್ಚಾದರೆ ಮೂಗು-ಕಿವಿಗೆ ನೀರು ತುಂಬಿ ತಲೆ ತಿರುಗುತ್ತೆ. ಮೂಗಿನ ಕ್ಲಿಪ್ ತಗೊಂಡು ಹೋಗಿ, ಚಿಲ್ಲರೆ ದುಡ್ಡಿನ ಸಾಮಾನು, ಬಹಳ ಉಪಕಾರ ಮಾಡುತ್ತೆ.

ರೋಲ್ ಯಾಕೆ ತಪ್ಪುತ್ತೆ ಅಂದರೆ ಹತ್ತರಲ್ಲಿ ಎಂಟು ಸಲ ತಲೆ. ಉಸಿರಿಗಾಗಿ ತಲೆ ಮೊದಲು ಮೇಲೆತ್ತಿದರೆ ಸೊಂಟ ಉಲ್ಟಾ ದಿಕ್ಕಿಗೆ ತಿರುಗಿ ದೋಣಿ ಮತ್ತೆ ಮೇಲೆ ಬೀಳುತ್ತೆ. ಮಿಕ್ಕ ಎರಡು ಸಲ ಹುಟ್ಟಿನ ಎಲೆ ಕೋನ ತಪ್ಪಿ ಕೆಳಕ್ಕೆ ಧುಮುಕಿರುತ್ತೆ, ಅದನ್ನು ನೀರ ಮೇಲ್ಮೈಯಲ್ಲಿ ಅಗಲವಾಗಿ ಬೀಸಬೇಕು, ಕೆಳಕ್ಕೆ ಜಗ್ಗಬಾರದು. ಕಣ್ಣು ಹುಟ್ಟಿನ ಎಲೆಯನ್ನೇ ನೋಡ್ತಿದ್ದರೆ ತಲೆ ತಾನಾಗೇ ಕೊನೆಗೆ ಬರುತ್ತೆ.

ಬೋರಲು_ದೋಣಿ

ಇಪ್ಪತ್ತು ನಿಮಿಷ ಎರಡು ಸಲ ಅಂದರೆ ಸರಿ. ಜಗಳ ಇಲ್ಲ. ಮೊಣಕೈ ಭುಜಕ್ಕಿಂತ ಮೇಲೆ ಹೋಗಬಾರದು ಅನ್ನೋದೊಂದು ಸೇರಿಸಿ, ಈ ಆಟದಲ್ಲಿ ಭುಜ ಕೀಲು ತಪ್ಪೋದು ಅಲ್ಲೇ.

ಮಲೆನಾಡ_ಮಳೆ

ಬರಪೊಳೆ ಯಾರೂ ಹೇಳಲಿಲ್ಲ? ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ನೀರಿರುತ್ತೆ. ಕೇರಳದ ಕೋಡಂಚೇರಿ ಕಡೆಯೂ ಮಳೆಗಾಲದಲ್ಲಿ ಕಯಾಕ್ ಉತ್ಸವ ನಡೆಯುತ್ತಲ್ಲ.

ಹುಟ್ಟುಗೋಲು

ನೋಡೋಕೆ ಹೋಗಿ, ಖಂಡಿತ. ಚಾಲಿಪುಳ, ಇರುವಂಞಿಪುಳದಲ್ಲಿ ಮಲಬಾರ್ ರಿವರ್ ಫೆಸ್ಟಿವಲ್‌ಗೆ ಹೊರದೇಶದವರೂ ಬರ್ತಾರೆ. ದಡದಲ್ಲಿ ಕೂತು ಒಬ್ಬೊಬ್ಬರು ಯಾವ ಎಡ್ಡಿಯಲ್ಲಿ ನಿಲ್ತಾರೆ ಅಂತ ಗಮನಿಸಿದರೆ ಅದೇ ಒಂದು ಪಾಠ. ಕಲಿಯೋಕೆ ಬೇಡ. ಘಟ್ಟದ ಮಳೆಗಾಲದ ಹೊಳೆ ಕಿರಿದು, ಕಡಿದಾದದ್ದು, ಮೇಲೆ ಎರಡು ಗಂಟೆ ಮಳೆ ಹೊಡೆದರೆ ಕೆಳಗೆ ನದಿಯೇ ಬೇರೆ. ದಡದ ಮರಗಳು ನೀರಿಗೆ ಬಾಗಿರುತ್ತವೆ. ಕೊಂಬೆ ಮೂಲಕ ನೀರು ಜರಡಿ ಹಿಡಿದ ಹಾಗೆ ದಾಟುತ್ತೆ, ಮನುಷ್ಯ ದಾಟಲ್ಲ. ಹೊಸಬರಿಗೆ ಬೇಕಾದ್ದು ಅಗಲದ ನದಿ, ರ‍್ಯಾಪಿಡ್ ಕೆಳಗೆ ಉದ್ದನೆ ಮಡು. ಮಗುಚಿದರೆ ಎತ್ತಿಕೊಳ್ಳೋಕೆ ಜಾಗ ಇರಬೇಕು.

ಕಂಠೀರವ_ಗೇಟ್_2

ಸರ್ಕಾರಿ ದಾರಿಯೂ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಜಲಸಾಹಸ ತರಬೇತಿ ನಡೆಸುತ್ತೆ. ವಿಚಾರಿಸುವಾಗ ಎರಡು ಕೇಳಿ: ವಯಸ್ಸಿನ ಮಿತಿ, ಮತ್ತು ಕಯಾಕಿಂಗ್ ಒಂದೇನಾ ಅಥವಾ ರಾಫ್ಟಿಂಗ್ ಜೊತೆ ಬೆರೆಸಿದ್ದಾ. ಹಿಮಾಚಲದ ಪಾಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮನಾಲಿ ಪರ್ವತಾರೋಹಣ ಸಂಸ್ಥೆಯ ಜಲಕ್ರೀಡಾ ಕೇಂದ್ರ ಇದೆ, ಅಲ್ಲಿನದು ನಿಂತ ನೀರು. ಮಧ್ಯಪ್ರದೇಶದ ಮಹೇಶ್ವರದಲ್ಲಿ ನರ್ಮದೆಯ ಮೇಲಿನ ಸ್ಲಾಲಮ್ (ಸೆಳವಲ್ಲಿ ಗೇಟುಗಳ ನಡುವೆ ದೋಣಿ ನಡೆಸೋ ಸ್ಪರ್ಧೆ), ಭೋಪಾಲದ ಕೆರೆಯ ಸ್ಪ್ರಿಂಟ್, ಇವು ಸ್ಪರ್ಧೆಗೆ ತಯಾರಾಗೋ ಹುಡುಗರಿಗೆ. ನಿಮ್ಮ ಕೆಲಸಕ್ಕೆ ಆಗಲ್ಲ.

ಹಗ್ಗದ_ಚೀಲ

ಫೋನಲ್ಲಿ ಕೇಳಬೇಕಾದ್ದು. ಇದನ್ನು ಬರೆದಿಟ್ಟುಕೊಂಡೇ ಕೇಳಿ, ಮಾತಿನ ಭರದಲ್ಲಿ ಮರೆತುಹೋಗುತ್ತೆ.

ಒಬ್ಬ ಕಲಿಸುವವರಿಗೆ ಎಷ್ಟು ಜನ? ನಿಂತ ನೀರಲ್ಲಿ ಆರು, ಸೆಳವಲ್ಲಿ ನಾಲ್ಕು, ಅದಕ್ಕಿಂತ ಮೇಲೆ ಬೇಡ. ಇಬ್ಬರು ಒಟ್ಟಿಗೆ ಮಗುಚಿದರೆ ಒಬ್ಬರು ಕಾಯಲೇಬೇಕು.

ಕಲಿಸುವವರ ಅರ್ಹತೆ? ಅಮೆರಿಕನ್ ಕನೂ ಅಸೋಸಿಯೇಷನ್ ಅಥವಾ ಪ್ಯಾಡಲ್ ಯುಕೆ (2024ರ ಮೊದಲು ಬ್ರಿಟಿಷ್ ಕನೂಯಿಂಗ್ ಅಂತಿದ್ದದ್ದು) ಪ್ರಮಾಣಪತ್ರ ಇದ್ದರೆ ಅದು ನದಿಯದ್ದಾ, ಸಮುದ್ರದ್ದಾ, ಯಾವ ಮಟ್ಟದ್ದು, ಅವಧಿ ಮುಗಿದಿದೆಯಾ ನೋಡಿ. ನಿಂತ ನೀರಿನ ಪ್ರಮಾಣಪತ್ರ ಹಿಡಿದು ಗಂಗೆಯಲ್ಲಿ ಕಲಿಸೋದು ಸರಿಯಲ್ಲ. ಪ್ರಥಮ ಚಿಕಿತ್ಸೆ, ಹರಿವ ನೀರಿನ ರಕ್ಷಣೆ ಎರಡೂ ತರಬೇತಿ ಬೇರೆ ಬೇರೆ, ಎರಡೂ ಇರಬೇಕು. ಕಾಗದ ಇಲ್ಲದೆಯೂ ಚೆನ್ನಾಗಿ ಕಲಿಸುವ ಹಳೇ ಗೈಡ್‌ಗಳಿದ್ದಾರೆ, ನಿಜ. ಅವರಿಗೂ ಮಿಕ್ಕ ಪ್ರಶ್ನೆ ತಪ್ಪಲ್ಲ.

ದಿನಕ್ಕೆ ನೀರಲ್ಲಿ ಎಷ್ಟು ಗಂಟೆ? ನಾಲ್ಕರಿಂದ ಐದು ಇರಬೇಕು. "ನಾಲ್ಕು ದಿನ" ಅಂತ ಹೇಳಿ ದಿನಕ್ಕೆ ಒಂದೂವರೆ ಗಂಟೆ ಇಳಿಸೋದು ಇದೆ.

ದರದಲ್ಲಿ ಏನೇನು ಸೇರಿದೆ? ದೋಣಿ, ಸ್ಕರ್ಟ್, ಹೆಲ್ಮೆಟ್, ಲೈಫ್ ಜಾಕೆಟ್, ದೋಣಿ ಸಾಗಿಸೋ ಗಾಡಿ, ಊಟ. ನೀರು ಹೆಚ್ಚಾಗಿ ಒಂದು ದಿನ ಕೈಬಿಟ್ಟರೆ ದುಡ್ಡು ವಾಪಸಾ, ದಿನ ಮುಂದಕ್ಕಾ? ಇದನ್ನು ವಾಟ್ಸ್ಯಾಪಲ್ಲಿ ಬರೆಸಿಕೊಳ್ಳಿ.

ಪೆಟ್ಟಾದರೆ ಎಲ್ಲಿಗೆ? ಋಷಿಕೇಶದಲ್ಲಿ ಏಮ್ಸ್ ಇದೆ. ಗಣೇಶಗುಡಿಯಿಂದ ದೊಡ್ಡಾಸ್ಪತ್ರೆ ಅಂದರೆ ಹುಬ್ಬಳ್ಳಿ, ನೂರು ಕಿ.ಮೀ. ಆಸುಪಾಸು. ಗಾಡಿ ಸ್ಥಳದಲ್ಲೇ ನಿಂತಿರುತ್ತಾ ಕೇಳಿ. ನಿಮ್ಮ ವಿಮೆಯಲ್ಲಿ ಸಾಹಸ ಕ್ರೀಡೆ ಹೊರಗಿಟ್ಟಿದ್ದಾರಾ ಅಂತಲೂ ಓದಿ.

ಕಾಳಿ_ದಂಡಿ

ಲೈಫ್ ಜಾಕೆಟ್ ಬಗ್ಗೆ ಒಂದ್ ಮಾತು. ಪಟ್ಟಿ ಎಲ್ಲಾ ಬಿಗಿ ಮಾಡಿ, ಮಗ್ಗುಲವ್ರಿಗೆ ಭುಜದ ಪಟ್ಟಿ ಹಿಡಿದು ಮ್ಯಾಲ ಜಗ್ಗಾಕ ಹೇಳ್ರಿ. ಕಿವಿ ತನಕ ಬಂತಂದ್ರ ಅದು ನಿಮ್ಮದಲ್ಲ, ಬ್ಯಾರೆ ಕೇಳ್ರಿ. ಟೂರಿಸ್ಟ್ ದೋಣ್ಯಾಗಿನ ಕಿತ್ತಳಿ ಬಣ್ಣದ ದಪ್ಪ ಜಾಕೆಟ್ ಹಾಕ್ಕೊಂಡು ಕಯಾಕಿನಾಗ ಕೈ ಆಡಂಗಿಲ್ಲ, ಗದ್ದಕ್ಕ ಒತ್ತತದ.

ಬನಶಂಕರಿ_ಬೈಟು

ಹೀಗೆ ಯೋಚಿಸಿದ್ದೀವಿ: ಅಕ್ಟೋಬರ್ ಮೊದಲ ವಾರ ಹೊನ್ನಾವರದಲ್ಲಿ ಎರಡು ದಿನ, ನವೆಂಬರ್ ಮೊದಲ ವಾರ ಋಷಿಕೇಶದಲ್ಲಿ ಐದು ದಿನ. ಸಾಮಾನು ಏನು ಒಯ್ಯಬೇಕು? ಹುಟ್ಟು ಕೊಳ್ಳಬೇಕಾ?

ಹುಟ್ಟುಗೋಲು

ಹುಟ್ಟು ಈಗಲೇ ಕೊಳ್ಳಬೇಡಿ. ನದಿಗೆ 191ರಿಂದ 200 ಸೆಂ.ಮೀ., ಹೊನ್ನಾವರದ ಅಗಲದ ದೋಣಿಗೆ 220ರ ಮೇಲೆ, ಒಂದು ಕೊಂಡರೆ ಇನ್ನೊಂದಕ್ಕೆ ಬಾರದು. ಅಲ್ಲಿ ಕೊಟ್ಟದ್ದರಲ್ಲಿ ಎರಡು ಎಲೆಗಳ ನಡುವಿನ ತಿರುವು ಎಷ್ಟು ಡಿಗ್ರಿ ಅಂತ ನೋಡಿ. ಐದೂ ದಿನ ಅದೇ ಹುಟ್ಟು ಕೊಡಿ ಅನ್ನಿ. ಒಂದು ದಿನ 30, ಮಾರನೇ ದಿನ 45 ಆದರೆ ಮಣಿಕಟ್ಟಿಗೆ ಕಲಿತದ್ದೆಲ್ಲ ಗೊಂದಲ.

ಒಯ್ಯಬೇಕಾದ್ದು: ಹಿಮ್ಮಡಿ ಬಿಗಿಯುವ, ತೆಳು ತಳದ ಶೂ (ಚಪ್ಪಲಿ ಬೇಡ, ದಪ್ಪ ಶೂ ದೋಣಿಯೊಳಗೆ ಹಿಡಿಸಲ್ಲ), ಹತ್ತಿ ಅಲ್ಲದ ಪೂರ್ತಿ ತೋಳಿನ ಅಂಗಿ ಎರಡು, ಬೆರಳಿಗೆ ಸುತ್ತೋ ಬಟ್ಟೆ ಟೇಪ್, ಕನ್ನಡಕಕ್ಕೆ ಬಿಗಿ ಪಟ್ಟಿ ಮತ್ತು ಇನ್ನೊಂದು ಹಳೇ ಕನ್ನಡಕ. ಬೊಬ್ಬೆ ಬಂದ ಮೇಲೆ ಟೇಪ್ ಸುತ್ತೋದಲ್ಲ, ಹೆಬ್ಬೆರಳ ಬುಡ ಕೆಂಪಾದ ತಕ್ಷಣ.

ಹೊನ್ನಾವರದ ಎರಡು ದಿನದಲ್ಲಿ ಒಂದೇ ಕೆಲಸ ಮಾಡಿ: ತೋಳು ಎಳೆಯದೆ, ಸೊಂಟದಿಂದ ಮೇಲಿನ ಮೈ ತಿರುಗಿಸಿ ಹುಟ್ಟು ಹಾಕೋದು. ಎಲೆ ಪೂರ್ತಿ ಮುಳುಗಿದ ಮೇಲೆ ಎಳೆಯಬೇಕು, ಪಾದದ ಹತ್ತಿರ ಇಳಿಸಿ ಸೊಂಟದ ಹತ್ತಿರ ತೆಗೆಯಬೇಕು. ಮರುದಿನ ತೋಳು ನೋಯುತ್ತಿದ್ದರೆ ತಪ್ಪು ಮಾಡಿದ್ದೀರಿ, ಪಕ್ಕೆಲುಬಿನ ಬದಿ ನೋಯುತ್ತಿದ್ದರೆ ಸರಿ.

ಅಳಿವೆಬಾಗಿಲು

ಅಕ್ಟೋಬರ್ ಮೊದಲ ವಾರ ಅಂತ ಹೇಳಿದಿರಿ, ಪಂಚಾಂಗ ತೆಗೆದು ತಿಥಿ ನೋಡಿ. ಅಷ್ಟಮಿ ಆಸುಪಾಸು ಬಂದರೆ ಸೆಳವು ಕಡಿಮೆ, ಕಲಿಯುವವರಿಗೆ ಅದೇ ಒಳ್ಳೆಯದು. ಹುಣ್ಣಿಮೆಗೆ ತಾಗಿದರೆ ನಾಲ್ಕು ದಿನ ಹಿಂದೆ-ಮುಂದೆ ಮಾಡಿಕೊಳ್ಳಿ.

ಬೋರಲು_ದೋಣಿ

ಮತ್ತೆ ಋಷಿಕೇಶದಲ್ಲಿ ದಿನಾ ಬೆಳಿಗ್ಗೆ ದೋಣಿಯ ಹಿಂಭಾಗದ ನೀರು ಬಿಡೋ ಬಿರಡೆ ತಿರುಗಿಸಿ ನೋಡಿ. ಹಿಂದಿನ ದಿನ ಸಂಜೆ ನೀರು ಖಾಲಿ ಮಾಡಿದವರು ಹಾಕೋದು ಮರೆತಿರ್ತಾರೆ. ದೋಣಿ ಯಾಕೋ ಇವತ್ತು ಭಾರ, ತಿರುಗ್ತಾನೇ ಇಲ್ಲ ಅಂತ ಅರ್ಧ ದಿನ ತಮ್ಮ ಕೈಗೇ ಬೈಕೊಳ್ಳೋರು ಬಹಳ.